ವಾಸನೆ ಕಳೆದ ಊರು

ಧಾರವಾಡದಲ್ಲಿ ನಾಯಿ ಇಲ್ಲವೇ ಬೆಕ್ಕಿನ ಮೈಮೇಲಿಂದ ರಕ್ತ ಹೀರುವ ಜೀವಂತ ಉಣ್ಣೆಯೊಂದನ್ನು ಕಿತ್ತು ತಂದವರಿಗೆ ಹೊಸ ಸೈಕಲ್ಲು ಬಹುಮಾನ ಎಂದು ಸಾರಿ ನೂರು ದಿನಗಳಾಗಿದ್ದವು. ಸೈಕಲ್ಲು ಪ್ರಾಣಿಚರ್ಮ ಸಂಶೋಧನಾ ಕೇಂದ್ರದ ವರಾಂಡದಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ನಿಂತೇ ಇತ್ತು. ಮೊದಲ ವಾರ ಒಬ್ಬಾತ ಹುಣಸೆಬೀಜ ತಂದು ತೋರಿಸಿ ಬೈಸಿಕೊಂಡ. ಇನ್ನೊಬ್ಬ ಪರವೂರಿನ ಉಣ್ಣೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದು, ಬಸ್ ಟಿಕೆಟ್ಟಿನ ಸಮೇತ ಸಿಕ್ಕಿಬಿದ್ದ. ಆಮೇಲೆ ಯಾರೂ ಬರಲಿಲ್ಲ.

ಡಾ. ವೈಜಯಂತಿ ಉಮರ್ಜಿ ದಿನಾ ಬೆಳಿಗ್ಗೆ ಆ ಸೈಕಲ್ಲನ್ನು ಒಮ್ಮೆ ನೋಡಿ, ತುಟಿಯಂಚಿನಲ್ಲೇ ನಕ್ಕು ಒಳಗೆ ಹೋಗುತ್ತಿದ್ದಳು. ಐವತ್ತನಾಲ್ಕು ವರ್ಷದ ಹೆಂಗಸು, ಪಶುವೈದ್ಯೆ. ಎರಡು ದಶಕ ನಾಯಿಗಳ ಕಿವಿಯೊಳಗಿಂದ, ಕಾಲ್ಬೆರಳ ಸಂದಿಯಿಂದ ರಕ್ತ ಕುಡಿದು ಊದಿದ ಉಣ್ಣೆಗಳನ್ನು ಚಿಮಟದಲ್ಲಿ ಕಿತ್ತು ಕಿತ್ತು ಬೇಸತ್ತವಳು. ಉಣ್ಣೆಜ್ವರಕ್ಕೆ ರಕ್ತವೆಲ್ಲ ನೀರಾಗಿ ಸತ್ತ ನಾಯಿಗಳ ಒಡೆಯರಿಗೆ ಸಮಾಧಾನ ಹೇಳಿ ಬಾಯಿ ಸೋತವಳು. ಎಣ್ಣೆ, ಪುಡಿ, ಪಟ್ಟಿ, ಮಾತ್ರೆ ಎಲ್ಲಕ್ಕೂ ಉಣ್ಣೆ ಮತ್ತು ಚಿಗಟಗಳು ನಾಲ್ಕೇ ವರ್ಷದಲ್ಲಿ ಒಗ್ಗಿಕೊಂಡುಬಿಡುತ್ತಿದ್ದವು. ಕೊಲ್ಲುವುದನ್ನೇ ಬಿಟ್ಟರೆ ಹೇಗೆ ಎಂದು ಅವಳು ಒಂದು ದಿನ ಯೋಚಿಸಿದಳು. ಪ್ರಾಣಿ ಇರುವುದೇ ಅವುಗಳಿಗೆ ಗೊತ್ತಾಗದಿದ್ದರೆ?

ಉಣ್ಣೆಗೆ ನೆಟ್ಟಗೆ ಕಣ್ಣು ಕಾಣುವುದಿಲ್ಲ. ಹುಲ್ಲಿನ ತುದಿಯಲ್ಲೋ ಗೋಡೆಯ ಬಿರುಕಿನಲ್ಲೋ ಮುಂಗಾಲು ಎತ್ತಿಕೊಂಡು ಕಾಯುತ್ತ ಕೂರುತ್ತದೆ. ಆ ಕಾಲಿನಲ್ಲೇ ಅದರ ಮೂಗು. ಪ್ರಾಣಿಯ ಚರ್ಮದ ಜಿಡ್ಡು ಕೊಳೆತು ಹೊರಡುವ ವಾಸನೆ ಬಂದಾಗಲೇ ಅದು ಕೈಚಾಚುವುದು. ಚಿಗಟದ ಹಾದಿಯೂ ಹೆಚ್ಚುಕಡಿಮೆ ಅದೇ. ವೈಜಯಂತಿ ನಾಯಿಯ ಚರ್ಮದಲ್ಲೇ ಬದುಕುವ ಒಂದು ಬಡಪಾಯಿ ಸೂಕ್ಷ್ಮಜೀವಿಯನ್ನು ಹಿಡಿದು, ಅದರ ವಂಶವಾಹಿ ತಿದ್ದಿ, ವಾಸನೆಯ ಆಮ್ಲಗಳನ್ನೆಲ್ಲ ಹುಟ್ಟಿದ ಕ್ಷಣಕ್ಕೇ ತಿಂದು ಮುಗಿಸುವಂತೆ ಮಾಡಿದಳು. ಒದ್ದೆ ಬಟ್ಟೆಯಿಂದ ನಾಯಿಯ ಹೆಗಲ ನಡುವೆ ಒಮ್ಮೆ ಒರೆಸಿದರೆ ಸಾಕು, ವಾರದಲ್ಲಿ ಮೈಯೆಲ್ಲ ಹಬ್ಬುತ್ತಿತ್ತು. ಕೂದಲಿನ ಬುಡದಲ್ಲಿ ಮನೆಮಾಡುವುದರಿಂದ ಸೋಪಿಗೆ ಹೋಗುತ್ತಿರಲಿಲ್ಲ. ಒಂದು ನಾಯಿ ಇನ್ನೊಂದನ್ನು ಮೂಸಿದರೆ ಅದಕ್ಕೂ ಹತ್ತುತ್ತಿತ್ತು, ಬೆಕ್ಕುಗಳಿಗೂ ಹಾಗೆಯೇ. ಅದಕ್ಕೆ ಅವಳು ಇಟ್ಟ ಹೆಸರು ‘ಮುಸುಕು’.

ಎಂಟು ತಿಂಗಳ ಹಿಂದೆ ಮುಸುಕನ್ನು ಊರಿಗೆ ಬಿಟ್ಟಾಗ ಜನ ಮೂಗುಮುರಿದಿದ್ದರು. ಎರಡೇ ತಿಂಗಳಲ್ಲಿ ಅದೇ ಜನ ಸಾಲುಗಟ್ಟಿ ನಿಂತರು. ಉಣ್ಣೆ ಹೋದದ್ದಕ್ಕಿಂತ ಅವರಿಗೆ ಹಿತವಾದದ್ದು ಇನ್ನೊಂದು: ಮನೆಯಲ್ಲಿ ನಾಯಿಯ ನಾತವೇ ಇರಲಿಲ್ಲ. ಮಳೆಯಲ್ಲಿ ನೆಂದುಬಂದ ನಾಯಿ ಸೋಫಾದ ಮೇಲೆ ಮಲಗಿದರೂ ಬೀಗರ ಎದುರು ಮುಜುಗರವಿಲ್ಲ. ಬೀದಿನಾಯಿಗಳು ಎದುರಾದಾಗ ಒಂದರ ಹಿಂದೆ ಒಂದು ಮೂಸಿ, ಏನೂ ತಿಳಿಯದೆ ಪೆಚ್ಚಾಗಿ ನಿಲ್ಲುವುದನ್ನು ನೋಡಿ ಜನ ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ವೈಜಯಂತಿಯೂ ಒಬ್ಬಳು.

ನೂರನೆಯ ದಿನ ಕಂಟ್ರೋಲ್ ರೂಮಿನಲ್ಲಿ ಪೇಢೆ ಹಂಚಿದರು. ಗೋಡೆ ತುಂಬ ಊರಿನ ನಕ್ಷೆ. ಉಣ್ಣೆ ಸಿಕ್ಕಲ್ಲಿ ಕೆಂಪು ಚುಕ್ಕೆ ಹೊತ್ತಿಕೊಳ್ಳುವ ವ್ಯವಸ್ಥೆ ಇತ್ತು. ಅಲ್ಲಿ ಒಂದೂ ಕೆಂಪಿರಲಿಲ್ಲ. ನಿರ್ದೇಶಕ ಡಾ. ಫಾಲಾಕ್ಷ ಹಳಿಯಾಳ ಮುಂದಿನ ಗುರುವಾರವೇ ಮುಸುಕನ್ನು ಹನ್ನೊಂದು ಜಿಲ್ಲೆಗಳಿಗೆ ಕಳಿಸುವುದೆಂದು ಘೋಷಿಸಿದ. ವೈಜಯಂತಿ ಆ ದಿನ ಎರಡು ಪೇಢೆ ತಿಂದು, ಮಗಳಿಗೆಂದು ನಾಲ್ಕು ಕಟ್ಟಿಸಿಕೊಂಡು ಹೋದಳು.

ಮನೆ ಮಾಳಮಡ್ಡಿಯಲ್ಲಿ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಊರ್ಮಿಳಾ ಚೊಚ್ಚಲ ಹೆರಿಗೆಗೆಂದು ಸೊಲ್ಲಾಪುರದಿಂದ ತವರಿಗೆ ಬಂದಿದ್ದಳು, ತುಂಬಿದ ಒಂಬತ್ತು ತಿಂಗಳು. ಅವಳ ತೊಡೆಯ ಮೇಲೆ ಇಡೀ ದಿನ ಚಂಪಿ ಎಂಬ ಬಿಳಿ ಬೆಕ್ಕು. ಅದೂ ಬಸುರಿ. ಊರ ನಾಯಿಬೆಕ್ಕುಗಳಿಗೆಲ್ಲ ಸಂತಾನ ನಿಲ್ಲಿಸುವ ಆಪರೇಷನ್ ಮಾಡಿಸಬೇಕೆಂದು ಭಾಷಣ ಬಿಗಿಯುವ ವೈಜಯಂತಿಯ ಮನೆಯಲ್ಲೇ ಆ ಕೆಲಸ ವರ್ಷವರ್ಷ ಮುಂದಕ್ಕೆ ಹೋಗುತ್ತಿತ್ತು. ಬಸುರಿಯರಿಬ್ಬರೂ ಫ್ಯಾನಿನ ಕೆಳಗೆ ಒಬ್ಬರ ಹೊಟ್ಟೆಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದರು.

ಎಂಬತ್ತೊಂದರ ಅತ್ತೆ ಗೋದೂಬಾಯಿಗೆ ಅದು ಕಣ್ಣಿಗೆ ಆಗದು. ಆಕೆಯದು ಕಟ್ಟುನಿಟ್ಟಿನ ಮಡಿ. ಅವಳ ಸೀರೆ ಎತ್ತರದ ಗಳುವಿನ ಮೇಲೆ ಬೇರೆಯೇ ಒಣಗುತ್ತಿತ್ತು, ಅವಳ ನೀರಿನ ಕೊಡ ಬೇರೆ, ಕೂರುವ ಮಣೆ ಬೇರೆ. ಬೆಕ್ಕು ಹೊಸ್ತಿಲು ದಾಟಿದರೆ ಕೋಲು ಕುಟ್ಟುತ್ತಿದ್ದಳು. ಮನೆಮಂದಿಯೂ ಅವಳಿಂದ ಮಾರುದೂರ ನಿಂತೇ ಮಾತಾಡಬೇಕು.

“ಬೆಕ್ಕನ್ನ ಮೈಮ್ಯಾಲೆ ಹಾಕ್ಕೊಂಡು ಮಲಗಬ್ಯಾಡ ಅಂತ ಎಷ್ಟ ಸಲಾ ಹೇಳ್ಬೇಕು,” ಎಂದು ಅವಳು ದೂರದಿಂದಲೇ ಗೊಣಗುವಳು.

“ಈಗ ಅದರ ಮೈಯಾಗ ಒಂದೂ ಚಿಗಟಿಲ್ಲಜ್ಜಿ. ಅವ್ವ ಎಲ್ಲಾ ಸ್ವಚ್ಛ ಮಾಡ್ಯಾಳ,” ಎಂದು ಊರ್ಮಿಳಾ ನಗುವಳು.

ಭಾನುವಾರ ಬೆಳಿಗ್ಗೆ ಚಂಪಿ ಬಚ್ಚಲಮನೆಯ ಮೂಲೆಯಲ್ಲಿ, ಹಳೆಯ ಕೌದಿಯ ಮೇಲೆ ನಾಲ್ಕು ಮರಿ ಹಾಕಿತು. ವೈಜಯಂತಿ ಚಹಾ ಕುಡಿಯುತ್ತಿದ್ದಾಗ ಮಗಳು ಒಳಗಿಂದ ಕರೆದಳು.

“ಅವ್ವಾ, ಚಂಪಿ ಯಾಕೋ ಮರಿಗಳನ್ನ ನೆಕ್ಕಲಿಕ್ಕೇ ಒಲ್ಲದು.”

“ದಣಿದಿರತದ. ಸ್ವಲ್ಪ ತಡಿ.”

“ದಣಿದಂಗಿಲ್ಲ. ನೀ ಬಂದು ನೋಡು.”

ವೈಜಯಂತಿ ಹೋಗಿ ನೋಡಿದಳು. ಚಂಪಿ ಮೊದಲ ಮರಿಗೆ ಮೂಗು ಹಚ್ಚಿತು, ಎರಡನೆಯದಕ್ಕೆ ಹಚ್ಚಿತು. ಕೌದಿಯ ಅಂಚನ್ನೂ ಅದೇ ರೀತಿ ಮೂಸಿತು. ಅದಕ್ಕೆ ಮರಿಗೂ ಕೌದಿಗೂ ಫರಕೇ ತಿಳಿದಂತೆ ಕಾಣಲಿಲ್ಲ. ಎದ್ದು, ಒಂದು ಮರಿಯ ಕುತ್ತಿಗೆಯ ಮೇಲೆ ಕಾಲಿಟ್ಟು, ಹೊರಗೆ ಬಂದು ಹಾಲಿನ ಬಟ್ಟಲಿನ ಮುಂದೆ ಕುಳಿತಿತು.

ಮರಿಗಳ ಕಣ್ಣು ತೆರೆದಿರಲಿಲ್ಲ, ಕಿವಿ ಮುಚ್ಚಿದ್ದವು. ಅವು ತಲೆಯನ್ನು ಅತ್ತ ಇತ್ತ ಆಡಿಸುತ್ತ ಹುಡುಕಾಡಿದವು. ವೈಜಯಂತಿ ಚಂಪಿಯನ್ನು ಹಿಡಿದು ತಂದು ಅಡ್ಡ ಮಲಗಿಸಿದಳು. ಮರಿಗಳು ಹಾಲುತುಂಬಿದ ಮೊಲೆಗಳ ಪಕ್ಕದಲ್ಲೇ ತೆವಳಿ, ದಾಟಿ, ನೀರು ಕಾಯಿಸುವ ಹಂಡೆಯ ಬಿಸಿಯ ಕಡೆಗೆ ಹೋದವು. ಒಂದನ್ನು ಎತ್ತಿ ಬಾಯಿಗೆ ಮೊಲೆ ಇಟ್ಟರೆ ಚಪ್ಪರಿಸಿ ಕುಡಿಯಿತು. ಬಾಯಿ ಜಾರಿತೋ, ಮತ್ತೆ ಅದಕ್ಕೆ ದಾರಿ ಸಿಗಲಿಲ್ಲ. ಅರ್ಧ ಬೆರಳಿನಷ್ಟು ದೂರದಲ್ಲಿ ಹಾಲಿತ್ತು, ಮರಿ ಗೋಡೆಯನ್ನು ಚೀಪುತ್ತಿತ್ತು.

ಹುಟ್ಟಿದ ಮರಿ ತಾಯಿಯನ್ನು ಕಂಡುಕೊಳ್ಳುವುದು ಮೂಗಿನಿಂದ. ತಾಯಿ ಮರಿಯನ್ನು ತನ್ನದೆಂದು ತಿಳಿಯುವುದೂ ಮೂಗಿನಿಂದ. ಪಶುವೈದ್ಯ ಕಾಲೇಜಿನ ಮೊದಲ ವರ್ಷದಲ್ಲೇ ಓದಿದ ಮಾತು ಅದು. ವೈಜಯಂತಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ನೆನಪಾಗಲಿಲ್ಲ, ಅಷ್ಟೇ. ಅಂಥ ಮರೆವಿಗೆ ಯಾವ ಕ್ಷಮೆ ಇರುತ್ತದೆ ಎಂದು ಅವಳು ಬಚ್ಚಲ ಕಲ್ಲಿನ ಮೇಲೆ ಕುಳಿತು ಕೇಳಿಕೊಂಡಳು.

ಸಂಜೆಯೊಳಗೆ ಮೂರು ಮರಿಗಳು ಸತ್ತವು. ನಾಲ್ಕನೆಯದಕ್ಕೆ ಊರ್ಮಿಳಾ ಹತ್ತಿಯಿಂದ ಹಾಲು ಹಿಂಡುತ್ತ ಕುಳಿತಿದ್ದಳು. ಚಂಪಿ ಅದೇ ಕೋಣೆಯಲ್ಲಿ, ಆ ಮರಿಗೆ ಬೆನ್ನು ಮಾಡಿಕೊಂಡು, ನೆಮ್ಮದಿಯಾಗಿ ನಿದ್ದೆಮಾಡುತ್ತಿತ್ತು.

ಸೋಮವಾರ ಬೆಳಿಗ್ಗೆ ವೈಜಯಂತಿ ಸೈಕಲ್ಲಿನ ಕಡೆ ನೋಡಲಿಲ್ಲ. ನೇರ ಹೋಗಿ ಮೌನೇಶ ಬಡಿಗೇರನನ್ನು ಹುಡುಕಿದಳು. ಮೌನೇಶ ಕೇಂದ್ರದ ನಾಯಿ ಹಿಡಿಯುವವನು, ನಲವತ್ತೈದು ದಾಟಿದ ಆಳು. ಊರಿನ ಪ್ರತಿ ಗಲ್ಲಿಯ ಪ್ರತಿ ನಾಯಿಯ ಗುರುತು ಅವನಿಗಿತ್ತು. ಅವನು ಬಲೆಯ ಗಂಟು ಬಿಡಿಸುತ್ತ ಕುಳಿತಿದ್ದ.

“ಮೌನೇಶ, ಈ ಎಂಟು ತಿಂಗಳೊಳಗ ಹಡದ ನಾಯಿ ಎಷ್ಟು ನೋಡೀ?”

“ಭಾಳ ಇಲ್ರಿ. ಬೀದಿನಾಯಿಗೋಳ್ದು ಹೆಚ್ಚಾನೆಚ್ಚು ಆಪರೇಷನ್ ಆಗೇತಲ್ರಿ. ಉಳಿದಾವು ಒಂದು ಮೂವತ್ತು ಹಡದಿರಬೇಕು.”

“ಮರಿ ಎಷ್ಟು ಉಳದಾವ?”

ಮೌನೇಶ ಕೈಯಲ್ಲಿನ ಗಂಟು ಬಿಟ್ಟ. “ಉಳದಿಲ್ರಿ.”

“ಒಂದೂ?”

“ಒಂದೂ ಉಳದಿಲ್ರಿ ಮ್ಯಾಡಮ್ಮರ. ತಾಯಿ ಬಿಟ್ಟು ಹೋಗಿಬಿಡ್ತಾವ್ರಿ. ಏನರೆ ಹೊಸಾ ಬ್ಯಾನಿ ಬಂದಿರಬೇಕು ಅನ್ಕೊಂಡೆ. ದಿನಾ ಬೆಳಗ್ಗೆ ಸತ್ತ ಮರಿ ಚೀಲದಾಗ ತುಂಬೂದು, ಹುಗಿಯೂದು.”

“ನನಗ ಯಾಕ ಹೇಳ್ಲಿಲ್ಲ?”

“ಫಾರ್ಮಿನ್ಯಾಗ ಬರೀಬೇಕಲ್ರಿ. ನೀವ ಕೊಟ್ಟ ಫಾರ್ಮಿನ್ಯಾಗ ಕಿವಿ ಐತಿ, ಕುತಿಗಿ ಐತಿ, ಬಗಲು ಐತಿ, ಬೆರಳ ಸಂದಿ ಐತಿ. ಮರೀಗೆ ಜಾಗಾ ಇಲ್ರಿ.”

ಅವನು ಕುಟುಕುವುದಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದ. ವೈಜಯಂತಿ ಒಳಗೆ ಹೋಗಿ ಎರಡು ವರ್ಷದ ಪ್ರಯೋಗದ ಕಡತಗಳನ್ನು ಪರದೆಯ ಮೇಲೆ ತೆಗೆದಳು. ಆರುನೂರ ನಲವತ್ತು ಪ್ರಾಣಿಗಳು, ಪ್ರತಿಯೊಂದರದ್ದೂ ಫೋಟೋ. ಒಂದೊಂದಾಗಿ ಸರಿಸುತ್ತ ಹೋದಳು. ಎಲ್ಲದರ ಎಡಗಿವಿಯ ತುದಿಯೂ ತ್ರಿಕೋನವಾಗಿ ಕತ್ತರಿಸಿತ್ತು. ಸಂತಾನ ನಿಲ್ಲಿಸಿದ ಪ್ರಾಣಿಗೆ ಹಾಕುವ ಗುರುತು ಅದು.

ಆ ನಿಯಮ ಮಾಡಿದವಳೂ ಅವಳೇ. ಪ್ರಯೋಗದ ಪ್ರಾಣಿ ಮರಿಹಾಕಿ, ಮುಸುಕು ಲೆಕ್ಕ ತಪ್ಪಿ ಹಬ್ಬಬಾರದು ಎಂಬ ಎಚ್ಚರಿಕೆಯಿಂದ, ಆಪರೇಷನ್ ಆದವುಗಳನ್ನೇ ಆರಿಸಬೇಕೆಂದು ಬರೆದಿದ್ದಳು. ಎಂಥ ಜವಾಬ್ದಾರಿಯ ಪ್ರಯೋಗ ಎಂದು ಎಲ್ಲರೂ ಹೊಗಳಿದ್ದರು. ಐದು ಜನ ವಿಜ್ಞಾನಿಗಳು, ಎರಡು ವರ್ಷ. ಬಸುರಿ ನಾಯಿಯೊಂದನ್ನು, ಹಾಲೂಡುವ ಬೆಕ್ಕೊಂದನ್ನು ಯಾರೂ ನೋಡಿರಲಿಲ್ಲ, ನೋಡಿಲ್ಲವೆಂಬುದೂ ಯಾರಿಗೂ ಹೊಳೆದಿರಲಿಲ್ಲ.

ಚಂಪಿಯ ಮೊಲೆಯ ಸುತ್ತಲಿಂದ, ಸತ್ತ ಮರಿಯ ನೆತ್ತಿಯಿಂದ ಹತ್ತಿಯಲ್ಲಿ ಒರೆಸಿ ತಂದಿದ್ದನ್ನು ವಾಸನೆ ಅಳೆಯುವ ಯಂತ್ರಕ್ಕೆ ಇಟ್ಟಳು. ಪರದೆಯ ಮೇಲೆ ಏರಿಳಿತವಿಲ್ಲದ ನೇರ ಗೆರೆ ಬಂತು. ಈ ಗೆರೆ ಕಂಡಾಗಲೆಲ್ಲ ಎರಡು ವರ್ಷ ಅವರು ಕೈಕುಲುಕಿದ್ದರು. ಯಂತ್ರದ ಪ್ರಕಾರ ಅಲ್ಲಿ ತಾಯಿಯೂ ಇರಲಿಲ್ಲ, ಮರಿಯೂ ಇರಲಿಲ್ಲ.

ಫಾಲಾಕ್ಷ ಹಳಿಯಾಳ ಎಲ್ಲವನ್ನೂ ಕೇಳಿಸಿಕೊಂಡ. ಕೆಟ್ಟ ಮನುಷ್ಯನಲ್ಲ. ಮೂರು ಲಕ್ಷ ಸೀಸೆ ತುಂಬಿಸಿ ಮಂತ್ರಿಗಳನ್ನು ಕರೆದ ಮೇಲೆ ಒಳ್ಳೆಯವನಾಗಿರುವುದು ಅವನಿಗೆ ಕಷ್ಟವಾಗಿತ್ತು, ಅಷ್ಟೇ.

“ಗುರುವಾರ ಗಾಡಿ ಹೊರಡತಾವ, ಡಾಕ್ಟರ್. ನಿಮ್ಮ ಮನೀ ಬೆಕ್ಕಿಂದ ನಾಲ್ಕು ಮರಿ, ಮೌನೇಶನ ಬಾಯಿಮಾತು. ಇದರ ಮ್ಯಾಲೆ ನಿಲ್ಲಸಲಿಕ್ಕೆ ಬರ್ತದೇನು? ಬೀದಿನಾಯಿ ಕಡಿಮ್ಯಾದ್ರ ಜನ ಖುಷೀನ ಪಡತಾರ.”

“ಮನಷ್ಯಾರ ಮೈಮ್ಯಾಲೆ ಏನಾಗತದಂತ ನೋಡಬೇಕು.”

“ನೋಡೀವಲ್ಲ. ನಮ್ಮ ಚರ್ಮ ನಾಯಿದಷ್ಟು ಬಿಸಿ ಇಲ್ಲ. ಎರಡ ದಿವಸಕ್ಕ ಸಾಯ್ತದ. ನನ್ನ ಕೈಮ್ಯಾಲೆನ ಪರೀಕ್ಷಾ ಆಗೇದ.”

ನಿಜ. ಐವರ ಮುಂಗೈ ಮೇಲೆ ಪರೀಕ್ಷೆ ಆಗಿತ್ತು. ಡಿಸೆಂಬರಿನ ಚಳಿಯಲ್ಲಿ, ನಾಲ್ವರು ಗಂಡಸರ ಮತ್ತು ಐವತ್ತು ದಾಟಿದ ಅವಳ ಒಣ ಮುಂಗೈ ಮೇಲೆ. ಈಗ ಮೇ ತಿಂಗಳು. ತುಂಬುಬಸುರಿಯ ಮೈ, ಹಾಲಿಳಿಯುವ ಎದೆ ಎಷ್ಟು ಬಿಸಿ ಇರುತ್ತವೆ ಎಂಬುದನ್ನು ಹೆತ್ತವಳಾದ ಅವಳೂ ಮರೆತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಊರ್ಮಿಳಾಗೆ ನೋವು ಶುರುವಾಗಿತ್ತು.

ಸಂಜೆ ಆರಕ್ಕೆ ಹೆಣ್ಣು ಕೂಸು ಹುಟ್ಟಿತು. ಮೂರು ಕಿಲೋ, ಗಟ್ಟಿಮುಟ್ಟು, ತಲೆತುಂಬ ಕೂದಲು. ನರ್ಸು ಕೂಸನ್ನು ಒರೆಸಿ ಊರ್ಮಿಳಾಳ ಎದೆಯ ಮೇಲಿಟ್ಟಳು. ವೈಜಯಂತಿ ಮಂಚದ ಹತ್ತಿರ ಸರಿದು ನಿಂತಳು. ಆರೋಗ್ಯವಂತ ಕೂಸು ಮುಖ ಹೊರಳಿಸಿ, ಬಾಯಿ ತೆರೆದು, ತಾನೇ ದಾರಿ ಹುಡುಕುತ್ತದೆ. ಈ ಕೂಸು ಬಾಯಿ ತೆರೆಯಿತು. ಮೊಲೆಯ ಕಡೆ ಹೊರಳಲಿಲ್ಲ. ಛಾವಣಿಯ ಕಡೆ ಬಾಯಿ ಮಾಡಿ, ಗಾಳಿಯನ್ನು ಚೀಪಿ, ಅಳತೊಡಗಿತು.

ನರ್ಸು ಕೂಸಿನ ತಲೆ ಹಿಡಿದು ಬಾಯಿಗೆ ಇಟ್ಟಳು. ಎರಡು ಗುಟುಕು ಕುಡಿದು ಜಾರಿದ ಕೂಸು ಮತ್ತೆ ಗಾಳಿಯನ್ನು ಹುಡುಕಿತು.

“ಕಾಳಜಿ ಮಾಡಬ್ಯಾಡ್ರಿ,” ಎಂದಳು ನರ್ಸು. “ಈಗೀಗ ಬಾಳ ಕೂಸು ಹಿಂಗ ಮಾಡಾಕತ್ತಾವ್ರಿ. ಹಿಂಡಿ ಚಮಚಾದಾಗ ಕುಡಿಸಿದ್ರ ನಡೀತೈತಿ.”

ವೈಜಯಂತಿ ಅವಳ ಕೈ ಹಿಡಿದುಕೊಂಡಳು. “ಬಾಳ ಅಂದ್ರ ಎಷ್ಟು?”

“ಈ ವಾರ ಒಂಬತ್ತು ಹೆರಿಗಿ ಆಗ್ಯಾವ್ರಿ. ಐದು ಕೂಸು ಹಿಂಗ. ಚಳಿಗಾಲದಾಗ ಒಂದೋ ಎರಡೋ ಇರ್ತಿದ್ವು.”

“ಆ ಐದು ಮಂದಿ ಮನ್ಯಾಗ ನಾಯೀನೋ ಬೆಕ್ಕೋ ಅವೇನು?”

ನರ್ಸು ವಿಚಿತ್ರವಾಗಿ ನೋಡಿದಳು. ಅಂಥ ಪ್ರಶ್ನೆ ಅವಳಿಗೆ ಯಾರೂ ಕೇಳಿರಲಿಲ್ಲ. ವಾರ್ಡಿನಲ್ಲಿ ವೈಜಯಂತಿಯೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಳಿದಳು. ಐವರ ಮನೆಯಲ್ಲೂ ಇದ್ದವು. ಕೂಸು ಮೊಲೆ ಹಿಡಿದವರ ಮನೆಯಲ್ಲಿ ಇರಲಿಲ್ಲ. ಅವಳು ಕಾರಿಡಾರಿನ ಗೋಡೆಗೆ ಒರಗಿ ನಿಂತಳು.

ಆದರೂ ಮಗಳಿಗೆ ಹೇಳಲಾಗಲಿಲ್ಲ. ಇರಲಾರದು, ಬೇರೆ ಏನೋ ಇರಬಹುದು ಎಂದು ಎರಡು ದಿನ ತನಗೆ ತಾನೇ ಸುಳ್ಳು ಹೇಳಿಕೊಂಡಳು. ಕೂಸಿನ ಮೈ, ಮಗಳ ಮೈ ಒರೆಸಿ ಯಂತ್ರಕ್ಕೆ ಇಡಬಹುದಿತ್ತು. ಹತ್ತಿಯನ್ನು ಚೀಲದಲ್ಲಿಟ್ಟುಕೊಂಡು ತಿರುಗಿದಳೇ ಹೊರತು ಇಡಲಿಲ್ಲ. ಆ ನೇರ ಗೆರೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಬುಧವಾರ ಮನೆಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತು ಅತ್ತು ನೀಲಿಯಾಗಿತ್ತು. ಊರ್ಮಿಳಾ ಎದೆ ಬಿಗಿದು ನೋಯುತ್ತ, ಕೂಸನ್ನು ಮತ್ತೆ ಮತ್ತೆ ಒತ್ತಿ ಹಿಡಿಯುತ್ತ, ತಾನೂ ಅಳುತ್ತಿದ್ದಳು.

“ನನ್ನ ಕೂಸಿಗೆ ನಾ ಬ್ಯಾಡಾಗೀನಿ, ಅವ್ವಾ.”

ಆಗ ನಡುಮನೆಯ ಬಾಗಿಲಲ್ಲಿ ಗೋದೂಬಾಯಿ ಬಂದು ನಿಂತಳು. ಮಡಿಯೆಂದರೆ ಜೀವ ಬಿಡುವ ಮುದುಕಿ. ಬಾಣಂತಿಯನ್ನಾಗಲಿ ಕೂಸನ್ನಾಗಲಿ ಹತ್ತು ದಿನ ಮುಟ್ಟುವಂತಿಲ್ಲ. ಆಗಷ್ಟೇ ಸ್ನಾನ ಮಾಡಿ, ಒದ್ದೆ ಮಡಿಸೀರೆ ಉಟ್ಟಿದ್ದಳು. ಒಂದು ಗಳಿಗೆ ಅಳುವನ್ನು ಕೇಳಿಸಿಕೊಂಡಳು.

“ಮಡಿ ಸುಡ್ಲಿ. ಕೂಸು ತಾ ಇಲ್ಲೆ,” ಎಂದು ಒಳಗೆ ಬಂದು ನೆಲದ ಮೇಲೆ ಕುಳಿತು ಕೈಚಾಚಿದಳು.

ಮಡಿಲಿಗೆ ಹಾಕಿದ್ದೇ ತಡ, ಕೂಸಿನ ಅಳು ನಿಂತಿತು. ಪುಟ್ಟ ಮೂಗು ಅರಳಿತು. ಮುಖ ಮೆಲ್ಲಗೆ ಮುದುಕಿಯ ಕಡೆ ಹೊರಳಿತು. ಬಾಯಿ ತೆರೆದು, ಕತ್ತು ಚಾಚಿ, ಸೆರಗಿನೊಳಗೆ ಮೂಗು ತೂರಿಸಿ ಆ ಎಂಬತ್ತೊಂದು ವರ್ಷದ ಬತ್ತಿದ ಎದೆಯನ್ನು ಹುಡುಕತೊಡಗಿತು. ಎರಡು ದಿನ ಹೆತ್ತವಳ ಕಡೆಗೆ ಒಮ್ಮೆಯೂ ಹೊರಳದ ಕೂಸು.

ಗೋದೂಬಾಯಿ ಗಾಬರಿಯಾಗಿ ಕೂಸನ್ನು ದೂರ ಹಿಡಿದಳು. ಅದು ಚೀರಿತು. ಹತ್ತಿರ ತಂದಳು, ಸುಮ್ಮನಾಗಿ ಹುಡುಕಿತು. ಈ ಮನೆಯಲ್ಲಿ ನಾಯಿಬೆಕ್ಕನ್ನಾಗಲಿ, ಅವನ್ನು ಮುಟ್ಟಿದವರನ್ನಾಗಲಿ ಮುಟ್ಟದೆ ಉಳಿದ ಮೈ ಅದೊಂದೇ.

ವೈಜಯಂತಿ ಮಗಳ ಬಳಿ ಹೋಗಿ ಕುಳಿತು, ಅವಳ ಕತ್ತಿನ ಹಿಂದೆ ಮೂಗಿಟ್ಟಳು. ಹುಟ್ಟಿದಾಗಿನಿಂದ ಗೊತ್ತಿದ್ದ ಮಗಳ ವಾಸನೆ. ಬೆವರು, ಎಣ್ಣೆ, ಜ್ವರ ಯಾವುದರ ನಡುವೆಯೂ ಗುರುತು ಹಿಡಿಯುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಬೆವರಿನಿಂದ ತೊಯ್ದ ಕುತ್ತಿಗೆಯಾದರೂ ತೊಳೆದಿಟ್ಟ ಗಾಜಿನ ಲೋಟ ಮೂಸಿದಂತಾಯಿತು.

“ನನಗೂ ಹತ್ತೇದೇನು?” ಊರ್ಮಿಳಾ ಕೇಳಿದಳು. ಬುದ್ಧಿವಂತೆ. ಚಂಪಿಯ ಮರಿಗೆ ಹಾಲು ಹಿಂಡುತ್ತ ಅವಳೂ ಏನೋ ಯೋಚಿಸಿದ್ದಳು.

“ಹತ್ತೇದ.”

“ಯಾವಾಗ ಹೋಗ್ತದ?”

“ಹೋಗೂದಿಲ್ಲ. ಹೋಗಬಾರದಂತನ ಮಾಡೀನಿ ಅದನ್ನ. ಔಷಧ ಹಾಕಿದ್ರ ಚರ್ಮದ ಉಳಿದ ಜೀವಿಗಳೆಲ್ಲ ಸಾಯ್ತಾವ, ಮದಲ ತಿರಿಗಿ ಬರೂದು ಈ ಮುಸುಕ. ತಪ್ಪು ನಂದು, ಊರ್ಮಿ. ಇನ್ನ ಒಂದು ಮಾತು ಕೇಳು. ಕೂಸಿಗೆ ಇನ್ನೂ ಹತ್ತಿಲ್ಲ, ಅದರ ಮೈ ವಾಸನಿ ಇನ್ನೂ ಬರ್ತದ. ನೀ ಎದಿಗೆ ಹಚ್ಕೊಂಡು ಮಲಗಿದ್ರ ಒಂದ ದಿವಸಕ್ಕ ಅದಕ್ಕೂ ಹತ್ತತದ. ಹಾಲು ಹಿಂಡಿ ಒಳಲ್ಯಾಗ ಕೊಡು. ಅಜ್ಜಿ ಎತ್ಕೊಳ್ಳಲಿ.”

“ಹಡದಾಕಿ ಕೂಸು ಮುಟ್ಟಬಾರದಂತೀ?”

ವೈಜಯಂತಿ ಎದ್ದು, ಹಾಲೂಡಿಸುವ ಒಳಲೆ ತರಲು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಹನ್ನೊಂದು ಗಾಡಿಗಳು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಸೀಸೆಗಳಿನ್ನೂ ತಣ್ಣನೆಯ ಉಗ್ರಾಣದಲ್ಲೇ ಇದ್ದವು. ಕೊನೆಯ ಗಳಿಗೆಯಲ್ಲಿ ತುಂಬುವುದು ಪದ್ಧತಿ, ಮುಸುಕು ತಂಪಿನಲ್ಲೇ ಮಲಗಿರಬೇಕು. ವೈಜಯಂತಿ ಎಂಟಕ್ಕೇ ಬಂದು, ಉಗ್ರಾಣವನ್ನು ಶುದ್ಧಮಾಡಲು ಬಿಸಿಹಬೆ ಬಿಡುವ ಸ್ವಿಚ್ಚು ಒತ್ತಿ, ಹೊರಗಿನಿಂದ ಬಾಗಿಲು ಹಾಕಿ, ಅದರ ಮುಂದೆ ಕುರ್ಚಿ ಎಳೆದು ಕುಳಿತಳು. ಮೌನೇಶ ಬಂದು ನೋಡಿದ. ಏನೂ ಕೇಳದೆ ಅವಳ ಪಕ್ಕದಲ್ಲಿ ನಿಂತುಕೊಂಡ.

ಫಾಲಾಕ್ಷ ಓಡಿಬಂದಾಗ ಒಳಗಿನ ಉಷ್ಣತೆ ಎಪ್ಪತ್ತೆರಡಾಗಿತ್ತು. ಮುಸುಕು ಅರವತ್ತಕ್ಕೇ ಸಾಯುತ್ತದೆ. ಅವನು ಮಾಪಕ ನೋಡಿ ಅಲ್ಲೇ ಗೋಡೆ ಹಿಡಿದುಕೊಂಡ.

“ಒಳಗಿಂದು ಕೊಂದ್ರಿ. ಊರಾಗ ಇದ್ದದ್ದು?”

“ಅದನ್ನ ಕೊಲ್ಲಲಿಕ್ಕೆ ಬರೂದಿಲ್ಲ.”

“ಹಂಗಾದ್ರ ಇದನ್ನ ಮಾಡಿ ಏನ್ ಬಂತು?”

“ಹನ್ನೊಂದು ಜಿಲ್ಲಾದ ಕೂಸುಗಳಿಗೆ ತಮ್ಮ ತಾಯಿ ಸಿಗತಾಳ.”

ಅವಳು ಶಾಮಿಯಾನಕ್ಕೆ ಹೋಗಿ ಮೈಕು ಹಿಡಿದಳು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು: ನಾಯಿಮರಿಗಳು, ಬೆಕ್ಕಿನ ಮರಿಗಳು, ವಾರ್ಡಿನ ಐದು ಕೂಸುಗಳು, ತನ್ನ ಮೊಮ್ಮಗಳು. ಬಸುರಿಯರು, ಬಾಣಂತಿಯರು ಈ ಊರಿನ ಯಾವ ಪ್ರಾಣಿಯನ್ನೂ ಮುಟ್ಟಬಾರದು ಎಂದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಬಂದೋಬಸ್ತಿಗೆ ನಿಂತಿದ್ದ ಒಬ್ಬ ಮಹಿಳಾ ಪೊಲೀಸು ತನ್ನ ಮುಂಗೈಯನ್ನು ಮೂಗಿಗೆ ಹಿಡಿದಳು. ಅವಳ ಪಕ್ಕದವಳು ತನ್ನದನ್ನು ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ಇಡೀ ಶಾಮಿಯಾನದ ಜನ, ವೇದಿಕೆಯ ಮೇಲಿದ್ದವರೂ ಸೇರಿ, ತಮ್ಮ ತಮ್ಮ ಕೈ ಮೂಸಿಕೊಳ್ಳುತ್ತ ಕುಳಿತಿದ್ದರು.

ಮಧ್ಯಾಹ್ನ ಮನೆಗೆ ಬಂದಾಗ ಗೋದೂಬಾಯಿ ಪಡಸಾಲೆಯಲ್ಲಿ ಒಬ್ಬಳೇ ಕುಳಿತಿದ್ದಳು.

“ಕೂಸೆಲ್ಲಿ?”

“ಕೊಡು ಅಂದ್ಳು, ಕೊಟ್ಟೆ. ನಾ ಹೆಂಗ ಇಲ್ಲನ್ಲಿ? ಅಕೀ ಹಡದದ್ದು.”

ಒಳಕೋಣೆಯಲ್ಲಿ ಊರ್ಮಿಳಾ ಅಂಗಾತ ಮಲಗಿದ್ದಳು. ಕುಪ್ಪಸ ಬಿಚ್ಚಿದ ಎದೆಯ ಮೇಲೆ ಕೂಸು ಬೋರಲಾಗಿ ನಿದ್ದೆಹೋಗಿತ್ತು. ಪಕ್ಕದಲ್ಲಿ ಹಾಲಿನ ಬಟ್ಟಲು, ಒಳಲೆ. ಕೂಸಿನ ಹೊಟ್ಟೆ ತುಂಬಿದ್ದು ಕಾಣುತ್ತಿತ್ತು.

“ಮುಂಜಾನಿಂದ ಹಿಂಗ ಮಲಗೀವಿ,” ಎಂದಳು ಊರ್ಮಿಳಾ. “ಬೈಬ್ಯಾಡ. ಅಕೀಗೆ ನನ್ನ ಗುರುತು ಸಿಗಲಿಲ್ಲಂದ್ರ ಬಿಡು, ನನ್ನ ಕೈಯಾದ್ರೂ ಸಿಗ್ಲಿ ಅಕೀಗೆ.”

ವೈಜಯಂತಿ ಬೈಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತಳು. ಊರ್ಮಿಳಾ ಕೂಸಿನ ನೆತ್ತಿಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದಳು. ನೆತ್ತಿಯ ಮೆತ್ತನೆಯ ಜಾಗ ನಾಡಿಯೊಡನೆ ಮಿಡಿಯುತ್ತಿತ್ತು.

“ಇನ್ನೂ ಸ್ವಲ್ಪ ಬರ್ತದ, ಅವ್ವಾ. ಹಸುಗೂಸಿನ ವಾಸನಿ. ನೀನೂ ನೋಡು.”

ವೈಜಯಂತಿ ಬಾಗಿದಳು. ಕಣ್ಣು ಮುಚ್ಚಿ, ನಿಧಾನವಾಗಿ, ಎರಡು ಸಲ ಉಸಿರೆಳೆದಳು. ಬೆಚ್ಚಗಿತ್ತು. ರೇಷ್ಮೆಯಂಥ ಕೂದಲು ಮೂಗಿಗೆ ತಾಗಿತು. ಮತ್ತೇನೂ ಇರಲಿಲ್ಲ.

“ಬರ್ತದ ಹೌದಿಲ್ಲೋ?” ಊರ್ಮಿಳಾ ಅವಳ ಮುಖವನ್ನೇ ನೋಡುತ್ತಿದ್ದಳು.

ಹೌದು ಅನ್ನಬಹುದಿತ್ತು. ಎರಡು ದಿನ ಮಗಳಿಂದ ಮುಚ್ಚಿಟ್ಟು ಆಗಿತ್ತು. ಇನ್ನೂ ಮುಚ್ಚಿಡುವುದು ಅವಳಿಂದಾಗಲಿಲ್ಲ.

“ಇಲ್ಲ, ಊರ್ಮಿ.”

ಊರ್ಮಿಳಾ ಕೂಸನ್ನು ಇನ್ನಷ್ಟು ಮೇಲಕ್ಕೆ, ಗಲ್ಲದ ಕೆಳಗೆ ಎಳೆದುಕೊಂಡಳು. ನೆತ್ತಿಗೆ ಮತ್ತೊಮ್ಮೆ ಮೂಗಿಟ್ಟಳು.

“ನನಗ ಬರ್ತದ,” ಎಂದಳು.

ಆಮೇಲೆ ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು. ವೈಜಯಂತಿ ಕೂಸಿಗಾಗಿ ಕೈಚಾಚಿದಳು, ಊರ್ಮಿಳಾ ಕೊಡಲಿಲ್ಲ.